ಗೋವಾ ಕಾಕಾನ ಸಂತೆ ಪಂಚಾಂಗ

ಬೆಳಗಾವಿಯ ಯಾವ ಗಲ್ಲಿಯಲ್ಲಿ ಬೇಕಾದರೂ ಕೇಳಿ ನೋಡಿ, ಗೋವಾಕ್ಕೆ ಹೊರಟವರು ಮೊದಲು ಕಂಡು ಹೋಗಬೇಕಾದ ಕಾಕಾ ಒಬ್ಬ ಇದ್ದೇ ಇರುತ್ತಾನೆ. ಕಾಣದೆ ಹೋದಿರೋ, ತಿರುಗಿ ಬಂದ ಮೇಲೆ ತಂದ ಸಾಮಾನಿನ ಲೆಕ್ಕವನ್ನೆಲ್ಲ ಅವನಿಗೆ ಒಪ್ಪಿಸಬೇಕು. “ಎಷ್ಟಕ್ಕ ತಗೊಂಡಿ?” ನೀವು ಎಷ್ಟೇ ಹೇಳಿ, ಕಾಕಾ ಒಮ್ಮೆ ಕಣ್ಣು ಮುಚ್ಚಿ ತೆಗೆಯುತ್ತಾನೆ. “ಹೋಗ್ಲಿ ಬಿಡು. ನನಗೊಂದು ಫೋನ್ ಹಚ್ಚಬೇಕಿತ್ತು.” ಅಷ್ಟು ಸಾಕು, ಕೊಂಡು ತಂದ ಗೋಡಂಬಿ ಬಾಯಲ್ಲಿ ಒಗರಾಗುತ್ತದೆ.

ಕಾಕಾನ ಗೋವಾದಲ್ಲಿ ಸಮುದ್ರವಿಲ್ಲ, ಸಂತೆಗಳಿವೆ. ಬುಧವಾರ ಅಂಜುನಾ, ಶುಕ್ರವಾರ ಮಾಪ್ಸಾ, ಸೀಜನ್ ಇದ್ದರೆ ಶನಿವಾರ ರಾತ್ರಿ ಅರ್ಪೋರಾ. ಚೋರ್ಲಾ ಘಾಟ್ ಇಳಿಯುವ ದಿನ ನಿಶ್ಚಯವಾಗುವುದು ಈ ಪಂಚಾಂಗದ ಮೇಲೆ. ಪ್ಲಾಸ್ಟಿಕ್ ಬಕೆಟ್ಟು, ಸಲಿಕೆ ಹಿಡಿದು ಹಿಂದಿನ ಸೀಟಿನಲ್ಲಿ ಕೂತ ಮೊಮ್ಮಕ್ಕಳು ಬೀಚು ಯಾವಾಗ ಎಂದು ಕೇಳಿದರೆ ಉತ್ತರ ಸಿದ್ಧ: “ಸಮುದ್ರ ಎಲ್ಲಿ ಓಡಿ ಹೋಗತೈತಿ? ಬಿಸಿಲೇರಿದ್ರ ಮಾಪ್ಸಾದಾಗ ಛಲೋ ಮಾಲ ಉಳಿಯಂಗಿಲ್ಲ.”

ಖರೀದಿ ಶುರುವಾಗುವುದು ಪೆಟ್ರೋಲಿನಿಂದ. 2012ರಲ್ಲಿ ಮನೋಹರ ಪರ್ರೀಕರ್ ಗೋವಾದ ಪೆಟ್ರೋಲಿನ ಮೇಲಿನ ವ್ಯಾಟನ್ನು ಹೆಚ್ಚುಕಡಿಮೆ ತೆಗೆದೇ ಹಾಕಿದ್ದರಲ್ಲ, ಆಗ ಹತ್ತಿದ ಚಟ. ದರದ ಅಂತರ ಆಮೇಲೆ ಕುಗ್ಗಿತು, ಕಾಕಾನ ನೇಮ ಕುಗ್ಗಲಿಲ್ಲ. ಸಾಖಳಿಯ ಪಂಪು ಮುಟ್ಟುವಷ್ಟೇ ಎಣ್ಣೆ ಇಟ್ಟುಕೊಂಡು ಬೆಳಗಾವಿ ಬಿಡುತ್ತಾನೆ. ಘಾಟಿನ ತಿರುವುಗಳಲ್ಲಿ ಅವನ ಕಣ್ಣು ರಸ್ತೆಗಿಂತ ಹೆಚ್ಚು ಮುಳ್ಳಿನ ಮೇಲೆ. ಪಕ್ಕದಲ್ಲಿ ಅವನ ಹೆಂಡತಿ, ಕಾಕು, ವಿಠ್ಠಲನನ್ನು ನೆನೆಯುತ್ತಿರುತ್ತಾಳೆ.

ಮಾಪ್ಸಾದ ಶುಕ್ರವಾರದ ಸಂತೆಯೆಂದರೆ ಕಾಕಾನ ದರ್ಬಾರು. ನಿಜ ಹೇಳಬೇಕೆಂದರೆ ಆ ಸಂತೆ ಅಂಥ ಭಕ್ತಿಗೆ ತಕ್ಕದ್ದೇ. ಸುತ್ತಲಿನ ಹಳ್ಳಿಗಳ ಹೆಂಗಸರು ನೆಲದ ಮೇಲೆ ಗೋಣಿ ಹಾಸಿ ಕೂತಿರುತ್ತಾರೆ. ಗೇಣು ಮೀರಿದ ಮೊಯ್ರಾ ಬಾಳೆ, ಒಣಗಿದ ಕೋಕಂ ಸಿಪ್ಪೆ, ಮಣ್ಣಿನ ಗಡಿಗೆ, ಹಾರದಂತೆ ಪೋಣಿಸಿ ತೂಗುಹಾಕಿದ ಹಂದಿ ಮಾಂಸದ ಸಾಸೇಜು. ಸಾಸೇಜಿನ ಸಾಲು ಬಂದಾಗ ಕಾಕಾ ಮೂಗಿಗೆ ಟವೆಲ್ಲು ಒತ್ತಿಕೊಳ್ಳುತ್ತಾನೆ, ಆದರೆ ಟವೆಲ್ಲಿನ ಒಳಗಿಂದಲೇ ದರ ಕೇಳುತ್ತಾನೆ. ತಿನ್ನುವುದಿಲ್ಲ, ಕೊಳ್ಳುವುದಿಲ್ಲ, ಆದರೆ ಗಲ್ಲಿಯಲ್ಲಿ ಯಾರಾದರೂ ಕೇಳಿದರೆ? ಫೆಣಿಯದ್ದೂ ಇದೇ ಕಥೆ. ಹನಿ ಮುಟ್ಟಿದವನಲ್ಲ. 2009ರಲ್ಲಿ ಅದಕ್ಕೆ ಜಿಐ ಗುರುತು ಸಿಕ್ಕಿದ್ದು ಗೊತ್ತು, ಬಾಟಲಿಗೆ ಬೆಳಗಾವಿಯವರು ಎಷ್ಟು ಉಳಿಸಬಹುದೆಂಬುದೂ ಗೊತ್ತು. ಕಾಣಕೋಣದ ಖೋಲಾ ಮೆಣಸಿನಕಾಯಿಗೆ 2019ರಲ್ಲಿ ಜಿಐ ಬಂದ ಮೇಲೆ ಮಾತ್ರ ಅವನಿಗೆ ಸಿಟ್ಟು. ಅದರಿಂದ ರೇಟು ಏರಿತಂತೆ. ಬ್ಯಾಡಗಿ ಮೆಣಸಿನಕಾಯಿಯ ನಾಡಿನವನಿಗೆ ಖೋಲಾ ಮೆಣಸಿನಕಾಯಿ ಯಾಕೆ ಬೇಕು ಎಂದು ಯಾರೂ ಕೇಳುವುದಿಲ್ಲ.

ಪಣಜಿಯ 18 ಜೂನ್ ರಸ್ತೆಯಲ್ಲಿ ಗೋಡಂಬಿ ಅಂಗಡಿಗಳು ಒಂದರ ಪಕ್ಕ ಒಂದು. 1946ರ ಜೂನ್ 18ರಂದು ಲೋಹಿಯಾ ಮಡಗಾಂವ್‌ನಲ್ಲಿ ಪೋರ್ಚುಗೀಜರ ವಿರುದ್ಧ ಚಳವಳಿ ಹೂಡಿದ ನೆನಪಿನ ರಸ್ತೆ ಅದು. ಕಾಕಾನ ಚಳವಳಿ ರುಚಿ ನೋಡುವುದಕ್ಕೆ ಸಂಬಂಧಿಸಿದ್ದು. ಉಪ್ಪಿನದು, ಖಾರದ್ದು, ಸಿಪ್ಪೆಯದು ಎಂದು ರಸ್ತೆಯ ಆ ತುದಿ ಮುಟ್ಟುವಷ್ಟರಲ್ಲಿ ಊಟದ ಖರ್ಚು ಉಳಿದಿರುತ್ತದೆ. ಕೊನೆಗೆ, “ಇದು ಆಫ್ರಿಕಾದ್ದೋ ಗೋವಾದ್ದೋ?” ಎಂದು ಕೇಳಿ ಅಂಗಡಿಯವನನ್ನು ತಬ್ಬಿಬ್ಬು ಮಾಡಿ ಹೊರಬರುತ್ತಾನೆ.

ಕಲಂಗೂಟದ ದಾರಿಯಲ್ಲಿ ಕಾಕಾನ ನಿಯಮ ಒಂದೇ: ನೋಡಬೇಕು, ಕೊಳ್ಳಬಾರದು. ಕಾಕುಗೆ ಕನ್ನಡಿ ಹಚ್ಚಿದ ಚೀಲವೊಂದು ಕಣ್ಣಿಗೆ ಬಿದ್ದು ನಿಯಮ ಮುರಿಯಿತು. ಮಾರುವವಳು ಒಂದೂವರೆ ಸಾವಿರ ಅಂದಳು. ಕಾಕಾ ಮೊದಲು ಕೊಂಕಣಿಯಲ್ಲಿ, ಆಮೇಲೆ ಹಿಂದಿಯಲ್ಲಿ ಇನ್ನೂರಕ್ಕೆ ಇಳಿಸಿದ.

“ಕಾಕಾರ, ಕನ್ನಡದಾಗ ಮಾತಾಡ್ರಿ, ತಿಳಿತೈತಿ.”

“ಯಾವೂರವ್ವಾ?”

“ಗದಗ ಕಡೆ ತಾಂಡಾರಿ. ನೀವು ಬೆಳಗಾವ್ಯಾವ್ರು. ಇನ್ನೂರು ಅಂದಾಗನ ತಿಳೀತು.”

ಪರಭಾಷೆಯಲ್ಲಿ ಹುಲಿಯಾಗಿದ್ದವನು ಕನ್ನಡಕ್ಕೆ ಬಂದ ಕೂಡಲೇ ಸೋತ. ಮಳೆ ಹೇಗಾಯಿತು, ಮಕ್ಕಳು ಸಾಲಿಗೆ ಹೋಗುತ್ತಾವೋ ಎಂದೆಲ್ಲ ಕೇಳಿದ ಮೇಲೆ ಯಾವ ಬಾಯಿಂದ ಇನ್ನೂರು ಅನ್ನುವುದು? ಆರುನೂರು ಕೊಟ್ಟ. ಊರಲ್ಲಿ ಮಾತ್ರ ಅದು ಮುನ್ನೂರು ಎಂದೇ ದಾಖಲಾಗಿದೆ.

ಸಂಜೆ ಕಣಕುಂಬಿಯ ಚೆಕ್‌ಪೋಸ್ಟಿನಲ್ಲಿ ಬಾಟಲಿ ಹುಡುಕಲು ಡಿಕ್ಕಿ ತೆರೆಸಿದ ಪೊಲೀಸನಿಗೆ ಸಿಕ್ಕಿದ್ದು ಒಂದು ಮೂಟೆ ಕೋಕಂ. “ಇದು ನಮ್ಮ ಖಾನಾಪುರ ಅಡವ್ಯಾಗ ಬೇಕಾದಷ್ಟು ಐತೆಲ್ರೀ,” ಅಂದ. ಕಾಕಾ ಉತ್ತರಿಸಲಿಲ್ಲ. ತಿಳಿಯದವರೊಡನೆ ಅವನು ವಾದ ಮಾಡುವುದಿಲ್ಲ.

ಗೋವಾದ ತರಕಾರಿ ಬಹುಪಾಲು ಹೋಗುವುದು ಬೆಳಗಾವಿಯಿಂದ. ಇದು ಕಾಕಾನ ಹೆಮ್ಮೆಯ ವಿಷಯ. 1955ರಲ್ಲಿ ಭಾರತ ಗೋವಾಕ್ಕೆ ದಿಗ್ಬಂಧನ ಹಾಕಿದಾಗ ಪೋರ್ಚುಗೀಜರು ಹಾಲೆಂಡಿನಿಂದ ಬಟಾಟೆ ತರಿಸಿದ್ದನ್ನು, “ನಮ್ಮ ಬಟಾಟಿ ನಿಲ್ಲಿಸಿದ್ದಕ್ಕ ಹಡಗು ಹತ್ತಬೇಕಾತು ನೋಡ್ರಿ,” ಎಂದು ತಾನೇ ಗೋದಾಮಿಗೆ ಬೀಗ ಹಾಕಿದವನಂತೆ ಹೇಳುತ್ತಾನೆ. ಈಗ ಅಲ್ಲಿನ ಸರ್ಕಾರದ ತೋಟಗಾರಿಕಾ ನಿಗಮ ಆ ತರಕಾರಿಯನ್ನೇ ಸಬ್ಸಿಡಿ ದರದಲ್ಲಿ ಮಾರುತ್ತದೆ. ಅಗ್ಗವೆಂದ ಮೇಲೆ ಕಾಕಾ ಬಿಡುವುದುಂಟೇ?

ರಾತ್ರಿ ಚೀಲ ಬಿಚ್ಚಿದ ಕಾಕು ಎರಡು ಎಲೆಕೋಸು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. “ಇವು ನಮ್ಮ ಎಪಿಎಂಸಿಯಿಂದ ಹೋದ ಕೋಬಿ ಅಲ್ರೀ?”

“ಹೌದು. ಹೋಗೂದು ಬರೂದು ಎರಡೂ ಖರ್ಚು ಅವುಗಳ ಮ್ಯಾಲೆ ಬಿದ್ದೈತಿ,” ಅಂದ ಕಾಕಾ. “ಆದ್ರೂ ಕಿಲೋಕ್ಕ ನಾಕು ರೂಪಾಯಿ ಕಡಿಮಿ.”