ಬಿಲಪ್ರವೇಶ

ಮಾರ್ಗದರ್ಶಕನ ನೆರವಿಲ್ಲದೆ, ಸ್ವಬುದ್ಧಿಯೊಂದನ್ನೇ ನೆಚ್ಚಿ, ಕವಲುಕವಲಾದ ಗುಹೆಯನ್ನು ಹೊಗಬೇಕೆಂಬ ಹಂಬಲ ಹೊತ್ತ ತರುಣರು ಆಗಾಗ ನನ್ನಲ್ಲಿಗೆ ಸಲಹೆ ಕೇಳಲು ಬರುವುದುಂಟು. ನಾನು ಭೂಗರ್ಭಶಾಸ್ತ್ರಜ್ಞನಲ್ಲ, ಒಮ್ಮೆ ಗುಹೆಯೊಳಗೆ ದಾರಿ ತಪ್ಪಿದವನೆಂಬುದಷ್ಟೇ ನನ್ನ ಅರ್ಹತೆ. ದಾರಿ ತಪ್ಪದೆ ಬಂದವರಿಗೆ ಹೇಳಲು ಹೆಚ್ಚೇನೂ ಇರುವುದಿಲ್ಲವಾದುದರಿಂದ ಈ ಅರ್ಹತೆಯನ್ನು ನಾನು ಅಲ್ಪವೆಂದು ಬಗೆದಿಲ್ಲ.

ಆ ಗುಹೆ ರಾಯಲಸೀಮೆಯ ಕೊಲಿಮಿಗುಂಡ್ಲದ ಸಮೀಪದ ಬೆಲುಂ. ಬಿಲವೆಂಬ ಶಬ್ದವೇ ಹಾಗಾಯಿತೆಂದು ಹೇಳುತ್ತಾರೆ. 1884ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಮಹಾಶಯರು ಅದನ್ನು ಲೋಕದ ಗಮನಕ್ಕೆ ತಂದರು. ಲೋಕವು ಎಂದಿನಂತೆ ಗಮನಿಸದೆ ಸುಮಾರು ನೂರು ವರ್ಷ ಸುಮ್ಮನಿತ್ತು. 1982-83ರಲ್ಲಿ ಜರ್ಮನಿಯ ಗೆಬಾವರರ ತಂಡದವರು ಬಂದು ಶೋಧಿಸಿದ ಮೇಲೆ, ಅದರ ಉದ್ದ 3,229 ಮೀಟರೆಂದು ಗೊತ್ತಾಯಿತು. 2002ರಿಂದೀಚೆಗೆ ಅಲ್ಲಿ ಮೆಟ್ಟಿಲುಗಳೂ ಬಣ್ಣದ ದೀಪಗಳೂ ಟಿಕೆಟ್ಟೂ ಇವೆ. ನಾನೂ ನನ್ನ ಭಾವಮೈದುನನೂ ಬಳ್ಳಾರಿಯಿಂದ ಹೊರಟು, ತಾಡಪತ್ರಿಯಲ್ಲಿ ಬಸ್ಸು ಬದಲಿಸಿ, ಅಲ್ಲಿಗೆ ಹೋದದ್ದು ಇವಾವುವೂ ಇಲ್ಲದ ಕಾಲದಲ್ಲಿ.

ನಮ್ಮ ಬಳಿ ಇದ್ದುದು ಎರಡು ಸೆಲ್ಲಿನ ಒಂದು ಟಾರ್ಚು, ಒಂದು ಪೊಟ್ಟಣ ಅವಲಕ್ಕಿ, ಹಾಗೂ ದಿನಸಿ ಅಂಗಡಿಯ ಪೊಟ್ಟಣಗಳಿಂದ ನನ್ನ ಮನೆಯಾಕೆ ಹನ್ನೆರಡು ವರ್ಷ ಬಿಚ್ಚಿ ಬಿಚ್ಚಿ, ಗಂಟುಹಾಕಿ ಸುತ್ತಿಟ್ಟಿದ್ದ ದೊಡ್ಡದೊಂದು ದಾರದುಂಡೆ. ಗ್ರೀಕರ ಥೀಸಿಯಸ್ಸನಿಗೆ ಅರಿಯಾಡ್ನೆಯು ಕೊಟ್ಟದ್ದೂ ನೂಲಿನುಂಡೆಯೇ ಅಲ್ಲವೆ? ಅರಿಯಾಡ್ನೆಯು ತಾನಾಗಿ ಕೊಟ್ಟಳು, ನಾನು ಕೇಳದೆ ತಂದೆ ಎಂಬಷ್ಟೇ ಭೇದ.

ಮಳೆಯ ನೀರು ಅಂಗಾರಾಮ್ಲ ವಾಯುವನ್ನು ಹೀರಿಕೊಂಡು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು, ಯುಗಯುಗಾಂತರಗಳಲ್ಲಿ ಕಲ್ಲನ್ನು ಕರಗಿಸಿ ಕೊರೆದ ಓಣಿಗಳವು. ಎಲ್ಲವೂ ಒಬ್ಬನೇ ಮೇಸ್ತ್ರಿ ಕಟ್ಟಿದ ವಠಾರದಂತೆ ಒಂದನ್ನೊಂದು ಹೋಲುತ್ತವೆ. ಅಭಿಮನ್ಯುವಿಗೆ ಹೊರಬರುವ ದಾರಿ ತಿಳಿದಿರಲಿಲ್ಲವೆಂದು ಮರುಗುವ ನಾವು, ಒಳಹೋಗುವ ದಾರಿಯಾದರೂ ಅವನಿಗೆ ತಿಳಿದಿತ್ತೆಂಬುದನ್ನು ಮರೆಯುತ್ತೇವೆ. ನಮಗೆ ಅದೂ ತಿಳಿದಿರಲಿಲ್ಲ. ಪ್ರತಿಯೊಂದು ಕವಲಿನಲ್ಲಿಯೂ ನಿಂತು ಹಿಂದಿರುಗಿ ನೋಡಬೇಕು, ಏಕೆಂದರೆ ಹೋಗುವಾಗ ಕಂಡ ಬಂಡೆ ಬರುವಾಗ ಬೆನ್ನು ತೋರಿಸುತ್ತದೆ ಎಂಬ ಪ್ರಥಮ ಪಾಠವನ್ನು ನಾನು ಕಲಿತದ್ದು ಐದನೆಯ ಕವಲು ದಾಟಿದ ಮೇಲೆ. ಒಬ್ಬೊಬ್ಬರಿಗೂ ಮೂರು ದೀಪಗಳಿರಬೇಕು, ಅವುಗಳಲ್ಲಿ ಒಂದು ತಲೆಗೆ ಕಟ್ಟಿರಬೇಕು ಎಂಬ ದ್ವಿತೀಯ ಪಾಠವನ್ನು ಕಲಿತದ್ದು, ಕೈಕಾಲೂರಿ ತೆವಳುತ್ತಿದ್ದ ಭಾವಮೈದುನನು ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡೇ "ಭಾವ, ಅಪ್ಪಿತಪ್ಪಿ ಇದು ಕೆಟ್ಟರೆ?" ಎಂದು ಕೇಳಲು ಬಾಯ್ದೆರೆದಾಗ.

ಟಾರ್ಚು ಕೆಟ್ಟಿತು. ಆ ಕತ್ತಲೆಯ ಮುಂದೆ ಅಮಾವಾಸ್ಯೆಯ ರಾತ್ರಿಯೂ ಬೆಳದಿಂಗಳೇ. ಕಣ್ಣು ತೆರೆದಿದೆಯೋ ಮುಚ್ಚಿದೆಯೋ ಎಂದು ಬೆರಳಿನಿಂದ ಮುಟ್ಟಿ ನೋಡಿಕೊಳ್ಳಬೇಕಾಯಿತು. ಉಸಿರಾಡದ ಗಾಳಿ, ಸೆಕೆ, ಬೆವರು. ಎಷ್ಟು ಹೊತ್ತಿಗೆ ಹಿಂದಿರುಗುತ್ತೇವೆಂದು ಹೊರಗೆ ಯಾರಿಗಾದರೂ ಹೇಳಿ ಬಂದಿದ್ದೇವೆಯೇ ಎಂದರೆ, ಮನೆಯಲ್ಲಿ ಹೇಳಿದ್ದುದು ಮಂತ್ರಾಲಯಕ್ಕೆ ಹೋಗುತ್ತೇವೆಂದು. ತರುಣರೆ, ನಿಮ್ಮ ಹೆಂಡತಿಗೆ ಬೇಕಾದ ಸುಳ್ಳು ಹೇಳಿ, ಗುಹೆಯ ಹೆಸರನ್ನೂ ಗಂಟೆಯನ್ನೂ ಮಾತ್ರ ಸುಳ್ಳು ಹೇಳಬೇಡಿ. ನಿಮ್ಮನ್ನು ಹುಡುಕಬೇಕಾದವರು ರಾಯರ ಮಠದಲ್ಲಿ ಹುಡುಕುತ್ತ ಕುಳಿತಾರು.

ಹೊರಗಿನ ಗಿಡಕ್ಕೆ ಒಂದು ತುದಿಯನ್ನು ಕಟ್ಟಿ ಬಿಚ್ಚುತ್ತ ಬಂದಿದ್ದ ದಾರವಿತ್ತಷ್ಟೆ. ಅದನ್ನು ಹಿಡಿದು ಕತ್ತಲೆಯಲ್ಲಿ ಮರಳತೊಡಗಿದೆವು. ಗಂಟಿನ ಮೇಲೆ ಗಂಟು ಬೆರಳಿಗೆ ತಗುಲಿದಂತೆಲ್ಲ ಬೆಲ್ಲದ ಪೊಟ್ಟಣ, ತೊಗರಿಬೇಳೆಯ ಪೊಟ್ಟಣ ಎಂದು ಗೃಹಸ್ಥಾಶ್ರಮವೇ ಜಪಮಾಲೆಯಂತೆ ಕೈಯಲ್ಲಿ ಸರಿಯಿತು. ಅಷ್ಟರಲ್ಲಿ ದಾರವು ತಾನಾಗಿ ಎಳೆಯಲಾರಂಭಿಸಿತು! ಆ ತುದಿಯಲ್ಲಿ ಯಾರೋ ಇದ್ದರು. ನಾನು ನಂಬದ ದೇವತೆಗಳನ್ನೂ ಆ ಕ್ಷಣದಲ್ಲಿ ನೆನೆದೆನೆಂಬುದನ್ನು ಮುಚ್ಚಿಡುವುದಿಲ್ಲ.

ತಿರುವಿನಲ್ಲಿ ಬೆಂಕಿಕಡ್ಡಿಯ ಬೆಳಕು ಮೂಡಿತು. ಕಂಬಳಿ ಹೊದ್ದ ಕುರಿಗಾಹಿ ಮುದುಕನೊಬ್ಬನು, ಗಿಡಕ್ಕೆ ಕಟ್ಟಿದ್ದ ದಾರವನ್ನು ಬಿಚ್ಚಿ, ಇಷ್ಟೊಂದು ಒಳ್ಳೆಯ ದಾರವನ್ನು ಯಾವ ಮೂರ್ಖನೋ ಬಿಸುಟಿದ್ದಾನೆಂದು, ಸುತ್ತುತ್ತ ಸುತ್ತುತ್ತ ಅಷ್ಟು ದೂರ ಬಂದುಬಿಟ್ಟಿದ್ದನು! ಗುಹೆಯ ಬಾಯಿಯ ಬಳಿಯೇ ದಾರ ಕಳಚಿತ್ತೆಂಬುದನ್ನು ನೆನೆದರೆ ಇಂದಿಗೂ ಮೈ ನಡುಗುತ್ತದೆ. ನಮ್ಮನ್ನು ಕಂಡು ಅವನು ಬೆದರಲಿಲ್ಲ. ತೆಲುಗಿನಲ್ಲಿ ಒಂದೆರಡು ಮಾತು ಗೊಣಗಿ, ಮುಂದೆ ಮುಂದೆ ನಡೆದು, ಕಾಲುಗಂಟೆಯಲ್ಲಿ ನಮ್ಮನ್ನು ಬಿಸಿಲಿಗೆ ತಂದು ನಿಲ್ಲಿಸಿದನು.

ದಾರದುಂಡೆಯನ್ನು ಅವನು ಕೊಡಲಿಲ್ಲ. ಕೇಳುವ ಧೈರ್ಯ ನಮಗಾಗಲಿಲ್ಲ. ಮನೆಯಲ್ಲಿ ಮಾತ್ರ ಅದರ ಲೆಕ್ಕ ಇನ್ನೂ ಇತ್ಯರ್ಥವಾಗಿಲ್ಲ.