ಹೆಂಗಸರ ಹೌಸಿ, ಗಂಡಸರ ಸಂಸ್ಕೃತಿ

ಈ ಹೆಂಗಸರಿಗೆ ಹೌಸಿ ಹೌಸಿ ಆಟದ ಹುಚ್ಚು ಯಾಕೆ ಮಾರಾಯ್ರೆ ಎಂದು ಕೇಳುವ ಗಂಡಸರು ನಮ್ಮ ಉಡುಪಿ ಕಡೆ ಬೇಕಾದಷ್ಟು ಸಿಗುತ್ತಾರೆ. ಹೆಚ್ಚಿನವರು ಈ ಪ್ರಶ್ನೆ ಕೇಳುವುದು ಕೋಳಿ ಅಂಕ ಮುಗಿಸಿ ಮನೆಗೆ ಬರುವ ದಾರಿಯಲ್ಲಿ.

ಕೋಳಿ ಅಂಕ ಹುಚ್ಚಲ್ಲ, ಸಂಸ್ಕೃತಿ. ಅದಕ್ಕೊಂದು ಶಾಸ್ತ್ರವೇ ಇದೆ. ಕುಕ್ಕುಟ ಪಂಚಾಂಗ ಬಿಡಿಸಿ, ಇವತ್ತಿನ ತಿಥಿ ನಕ್ಷತ್ರಕ್ಕೆ ಬೊಳ್ಳೆ ಕೋಳಿ ಗೆಲ್ಲುತ್ತದೋ ಮೈರೆ ಕೋಳಿ ಗೆಲ್ಲುತ್ತದೋ ಎಂದು ಲೆಕ್ಕ ಹಾಕಿ, ಅದರ ಕಾಲಿಗೆ ಬಾಳು ಎಂಬ ಕತ್ತಿ ಕಟ್ಟಿಸಿ, ಒಳಕಿಸೆಯಿಂದ ನೋಟು ತೆಗೆಯುವ ಹೊತ್ತಿಗೆ ಮನುಷ್ಯ ಅರ್ಧ ಜ್ಯೋತಿಷಿಯಾಗಿರುತ್ತಾನೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಇದನ್ನು ಅಪರಾಧ ಎನ್ನುತ್ತದೆ, ನಿಜ. ಕಾಯಿದೆಗೆ ನಕ್ಷತ್ರ ನೋಡಲು ಬರುವುದಿಲ್ಲ. ಸೋತ ಕೋಳಿ ಗೆದ್ದವನಿಗೆ ಸೇರಬೇಕು ಎನ್ನುವುದು ಕಟ್ಟಳೆ. ಕತ್ತಲಾದ ಮೇಲೆ ಅದು ಕಾಲು ಮೇಲಾಗಿ ಮನೆಯಂಗಳಕ್ಕೆ ಬರುತ್ತದೆ. ಪುಕ್ಕ ತರಿದು, ಮಸಾಲೆ ಕಡೆದು, ರೊಟ್ಟಿ ಜೊತೆ ಬಡಿಸುವವರು ಯಾರು ಎಂದು ತಿಳಿಯಲು ಪಂಚಾಂಗ ಬೇಕಿಲ್ಲ.

ಇನ್ನು ಕಾರ್ಕಳ, ಕಾಪು ಕಡೆಯ ಪೊಲೀಸ್ ಸುದ್ದಿಗಳನ್ನು ಓದಿ. ಹಾಡಿಯಲ್ಲಿ ಅಂದರ್ ಬಾಹರ್ ಆಡುತ್ತಿದ್ದವರ ಬಂಧನ. ನಗದು, 52 ಇಸ್ಪೀಟು ಎಲೆ, ನೆಲಕ್ಕೆ ಹಾಸಿದ್ದ ಹಳೆ ಪತ್ರಿಕೆ ಸ್ವಾಧೀನ. ಹೆಸರುಗಳ ಪಟ್ಟಿಯಲ್ಲಿ ಒಬ್ಬ ಹೆಂಗಸನ್ನೂ ಕಂಡ ನೆನಪು ನನಗಿಲ್ಲ. ಆದರೂ ‘ಅಂದರ್ ಬಾಹರ್ ಗಂಡಸರನ್ನೇ ಯಾಕೆ ಸೆಳೆಯುತ್ತದೆ’ ಎಂದು ಯಾರಾದರೂ ವಿಚಾರ ಸಂಕಿರಣ ಇಟ್ಟಿದ್ದಾರೆಯೇ? ಮಣಿಪಾಲದಲ್ಲಿ ಸಭಾಂಗಣಗಳಿಗೇನೂ ಬರವಿಲ್ಲ. ಹೆಂಗಸು ಹತ್ತು ರೂಪಾಯಿಯ ಟಿಕೆಟ್ ಹಿಡಿದು ಕುರ್ಚಿಯಲ್ಲಿ ಕೂತಾಗ ಮಾತ್ರ ನಮಗೆ ಮನಶ್ಶಾಸ್ತ್ರ ಜ್ಞಾಪಕವಾಗುತ್ತದೆ.

ಹೌಸಿ ಆಟದಲ್ಲಿ ಅಂಥದ್ದೇನೂ ಇಲ್ಲ. ತೊಂಬತ್ತು ನಂಬರು. ಟಿಕೆಟಿನಲ್ಲಿ ಮೂರು ಸಾಲು, ಸಾಲಿಗೆ ಒಂಬತ್ತು ಮನೆ, ಅದರಲ್ಲಿ ಐದಕ್ಕೆ ಮಾತ್ರ ನಂಬರು, ಉಳಿದದ್ದು ಖಾಲಿ. ಬಹುಮಾನಕ್ಕೆ ಜಲ್ದಿ ಐದು, ಮೇಲಿನ ಸಾಲು, ನಡುವಿನ ಸಾಲು, ಕೆಳಗಿನ ಸಾಲು, ಕೊನೆಗೆ ಫುಲ್ ಹೌಸ್. ಇಟಲಿಯ ಲಾಟರಿಯಲ್ಲಿ ಹುಟ್ಟಿ, ಬ್ರಿಟಿಷ್ ಸಿಪಾಯಿಗಳ ಜೊತೆ ದಂಡು ಪ್ರದೇಶಗಳನ್ನು ಸುತ್ತಿ, ಕ್ಲಬ್ಬುಗಳ ಮೆಟ್ಟಿಲಿಳಿದು, ಇಗರ್ಜಿಯ ಅಂಗಳ, ಮಹಿಳಾ ಮಂಡಲದ ವಾರ್ಷಿಕೋತ್ಸವ, ಕಾಪು ಕಡಲ ತೀರದ ಪಿಕ್‌ನಿಕ್ಕುಗಳಿಗೆ ಬಂದ ಆಟ ಇದು. ಸಿಪಾಯಿಗಳು ಆಡುತ್ತಿದ್ದಷ್ಟು ಕಾಲ ಇದು ಗಂಡುಮೆಟ್ಟಿನ ವಿನೋದವಾಗಿತ್ತು. ಹೆಂಗಸರ ಕೈಗೆ ಬಂದದ್ದೇ ತಡ, ಬುದ್ಧಿ ಬೇಡದ ಆಟವಾಯಿತು.

ಬುದ್ಧಿಯ ವಿಷಯದಲ್ಲಿ ನ್ಯಾಯಾಲಯವೂ ಗಂಡಸರ ಪಕ್ಷವೇ. ರಮ್ಮಿ ಬರೀ ಅದೃಷ್ಟವಲ್ಲ, ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟು 1968ರಲ್ಲೇ ಹೇಳಿಬಿಟ್ಟಿದೆ. ಅಂದಿನಿಂದ ಕ್ಲಬ್ಬಿನ ಇಸ್ಪೀಟು ಮೇಜಿನ ಸುತ್ತ ಕೂತವರೆಲ್ಲ ಕುಶಲಕರ್ಮಿಗಳು. ಹೌಸಿಗೆ ಆ ರಕ್ಷೆ ಇಲ್ಲ. ಡಬ್ಬದಿಂದ ಯಾವ ನಂಬರು ಬರುತ್ತದೋ ಅದೇ ಗತಿ. ಕಟ್ಟುನಿಟ್ಟಿನ ಅಧಿಕಾರಿಯೊಬ್ಬರು ಮನಸ್ಸು ಮಾಡಿದರೆ ನಾಳೆಯ ಪತ್ರಿಕೆಯಲ್ಲಿ ಓದಬಹುದು: ಮಹಿಳಾ ಮಂಡಲದ ಮೇಲೆ ದಾಳಿ, ಎರಡು ಸ್ಟೀಲ್ ಡಬ್ಬ, ಒಂದು ಪ್ಲಾಸ್ಟಿಕ್ ಬಕೆಟ್, ಅರ್ಧ ತಿಂದ ಅಂಬಡೆ ಸ್ವಾಧೀನ, ಅಧ್ಯಕ್ಷೆ ಪರಾರಿ.

ಹೆಂಗಸರೆಲ್ಲ ಸಾಧುಗಳು ಎಂದು ನಾನು ಹೇಳುತ್ತಿಲ್ಲ. ತುಳುನಾಡಿನ ಸಿರಿ ಪಾಡ್ದನದ ಅಬ್ಬಗ ದಾರಗರನ್ನು ಕೇಳಿ. ಅವಳಿ ಅಕ್ಕತಂಗಿಯರು ಚೆನ್ನೆಮಣೆ ಆಡಲು ಕೂತರು. ಹದಿನಾಲ್ಕು ಗುಳಿಯ ಆ ಮಣೆಯ ಮೇಲೆ ಜಗಳ ಹತ್ತಿತು. ಒಬ್ಬಳು ಮಣೆಯಲ್ಲೇ ಇನ್ನೊಬ್ಬಳನ್ನು ಬಡಿದು ಕೊಂದಳು, ಆಮೇಲೆ ತಾನೂ ಬಾವಿಗೆ ಹಾರಿದಳು. ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ, ಉಡುಪಿ ಹತ್ತಿರದ ಹಿರಿಯಡ್ಕದಲ್ಲಿ ಸಿರಿಜಾತ್ರೆಯ ರಾತ್ರಿ ಹೆಂಗಸರ ಮೈಮೇಲೆ ಇಂದಿಗೂ ಆ ಬಳಗ ಬರುತ್ತದೆ. ಆ ಒಂದು ಜಗಳಕ್ಕೆ ನಮ್ಮ ಹಿರಿಯರು ಮಾಡಿದ ಏರ್ಪಾಡು ನೋಡಿ: ಅಕ್ಕತಂಗಿಯರು ಎದುರು ಬದುರು ಕೂತು ಚೆನ್ನೆ ಆಡಬಾರದು, ಉಳಿದವರೂ ಆಟಿ ತಿಂಗಳಲ್ಲಿ ಮಾತ್ರ ಆಡಬೇಕು. ಇಸ್ಪೀಟಿನಲ್ಲಿ ಗದ್ದೆ ಹೋಗಿದೆ, ತೋಟ ಹೋಗಿದೆ, ಹೆಂಡತಿಯ ಕರಿಮಣಿ ಹೋಗಿದೆ. ಅದನ್ನು ಇಂಥ ತಿಂಗಳಲ್ಲಿ ಮಾತ್ರ ಆಡಬೇಕು ಎಂದ ಹಿರಿಯರು ಯಾರಾದರೂ ಇದ್ದರೆ ಅವರಿಗೊಂದು ಕೋಲ ಕೊಡಬಹುದಿತ್ತು.

ಹೌಸಿಯಲ್ಲಿ ಹೋಗುವುದೆಷ್ಟು? ಟಿಕೆಟ್ ಕೊಳ್ಳುವ ಹೊತ್ತಿಗೇ ಗೊತ್ತು, ಹೋದರೆ ಹತ್ತು, ಹೆಚ್ಚೆಂದರೆ ಐವತ್ತು. ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳುವ ಪಿಗ್ಮಿ ಯೋಜನೆ 1928ರಲ್ಲಿ ಶುರುವಾದ ಊರು ನಮ್ಮ ಉಡುಪಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ ಬೆಳೆದದ್ದು ಆ ಚಿಲ್ಲರೆಯಿಂದ. ಬೀಡಿ ಕಟ್ಟಿ, ಕಟ್ಟಿಗೆ ಇಪ್ಪತ್ತೈದು ಎಂದು ಎಣಿಸಿಟ್ಟ ಕೈಗೆ ಹತ್ತು ರೂಪಾಯಿ ಎಷ್ಟೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಚಳಿಗಾಲವಿಡೀ ಯಕ್ಷಗಾನ ಮೇಳಗಳು ಬಯಲಾಟ ಆಡುವ ಈ ಜಿಲ್ಲೆಯಲ್ಲಿ ಜೂಜಿಗೆ ಹೆಂಡತಿಯನ್ನು ಪಣ ಇಡುವವರು ಯಾರೆಂದು ಚಿಕ್ಕ ಮಕ್ಕಳಿಗೂ ಗೊತ್ತು. ಹೌಸಿಯಲ್ಲಿ ಗಂಡನನ್ನು ಪಣ ಇಟ್ಟ ಪ್ರಸಂಗವನ್ನು ಯಾರೂ ಬರೆದಿಲ್ಲ. ಇಟ್ಟರೂ ಅವನ ಬದಲಿಗೆ ಬಕೆಟ್ ಕೊಡಲು ಮಂಡಲದವರು ಒಪ್ಪಬೇಕಲ್ಲ.

ಮತ್ತೆ ಸೆಳೆತ ಯಾವುದು? ನನ್ನನ್ನು ಕೇಳಿದರೆ ಕುರ್ಚಿ. ಬ್ರಿಟನ್ನಿನಲ್ಲೂ ನಡೆದದ್ದು ಅದೇ. 1960ರ ಅಲ್ಲಿನ ಜೂಜು ಕಾಯಿದೆ ಬಂದ ಮೇಲೆ ಪ್ರೇಕ್ಷಕರಿಲ್ಲದ ಎಷ್ಟೋ ಸಿನಿಮಾ ಮಂದಿರಗಳು ಇದೇ ಆಟದ ಬಿಂಗೋ ಮನೆಗಳಾದವು. ಆಗ ಪಬ್ಬು ಗಂಡಸಿನದು, ಕುದುರೆ ಜೂಜಿನ ಅಂಗಡಿ ಗಂಡಸಿನದು, ಹೆಂಗಸೊಬ್ಬಳೇ ಹೋಗಿ ಯಾರ ಕಣ್ಣಿಗೂ ಬೀಳದೆ ಕೂರಬಹುದಾದ ಜಾಗ ಇದೊಂದೇ. ನಮ್ಮಲ್ಲಿ ಗಡಂಗು, ಬಾರು, ಕ್ಲಬ್ಬು, ಅಶ್ವತ್ಥಕಟ್ಟೆ, ಸೆಲೂನಿನ ಬೆಂಚು, ಕ್ರಿಕೆಟ್ ಮೈದಾನದ ಗೋಡೆ, ಎಲ್ಲಿ ನೋಡಿದರೂ ಗಂಡಸು ಕೂತೇ ಇರುತ್ತಾನೆ, ಏನು ಮಾಡುತ್ತಿದ್ದೀ ಎಂದು ಯಾರೂ ಕೇಳುವುದಿಲ್ಲ. ಹೆಂಗಸು ಸುಮ್ಮನೆ ಕೂತರೆ ಮೈ ಹುಷಾರಿಲ್ಲವಾ ಎಂದು ಕೇಳುತ್ತಾರೆ. ಹೌಸಿಯ ಆ ಅರ್ಧ ಗಂಟೆ ಮಾತ್ರ ಕೂತಿರುವುದೇ ಕೆಲಸ. ಮಗ ಬಂದು “ಅಮ್ಮ, ನನ್ನ ಚಾರ್ಜರ್ ಎಲ್ಲುಂಟು?” ಎಂದರೆ “ಸುಮ್ನಿರು, ನಂಬರ್ ಕರೀತಾ ಇದ್ದಾರೆ” ಎಂದು ಗದರಿಸಬಹುದು. ಬೆಳಿಗ್ಗೆಯಿಂದ ರಾತ್ರಿಯವರೆಗೆ ಎಲ್ಲರೂ ಅವಳನ್ನೇ ಕರೆಯುತ್ತಾರೆ. ಇಲ್ಲಿ ಕರೆಯುವುದು ನಂಬರುಗಳನ್ನು. ತನಗೆ ಲಾಭವಿದ್ದರೆ ಮಾತ್ರ ಓಗೊಟ್ಟರೆ ಸಾಕು. ಜೊತೆಗೆ ತುಂಬಿದ ಸಭೆಯಲ್ಲಿ ಗಂಟಲು ಬಿಟ್ಟು ಕೂಗುವ ಅವಕಾಶ! ಸುಳ್ಳು ಕೂಗಿದರೆ ಬೋಗಿ, ಟಿಕೆಟ್ ರದ್ದು. ಆ ಶಿಸ್ತು ಪಂಚಾಯತಿನ ಸಭೆಗಳಲ್ಲೂ ಇದ್ದಿದ್ದರೆ ಎಷ್ಟು ಟಿಕೆಟ್ ರದ್ದಾಗುತ್ತಿದ್ದವೋ.

ಮೈಕಿನ ಹಿಂದೆ ನಿಲ್ಲುವವನು ಮಾತ್ರ ಸಾಮಾನ್ಯವಾಗಿ ಗಂಡಸು. ನಂಬರು ಹೇಳುವುದಕ್ಕೂ ಒಬ್ಬ ಯಜಮಾನ ಬೇಕು. 88 ಬಂದರೆ ‘ಇಬ್ಬರು ದಪ್ಪ ಹೆಂಗಸರು’ ಎಂದು ಇಂಗ್ಲೆಂಡಿನಿಂದ ಬಂದ ಹಳಸಲು ಜೋಕನ್ನು ಹೊಸದೆಂಬಂತೆ ಹೇಳುತ್ತಾನೆ. ಎದುರಿನ ಸಾಲಿನ ದಪ್ಪ ಹೆಂಗಸರು ನಗುವುದೂ ಇಲ್ಲ, ಸಿಟ್ಟಾಗುವುದೂ ಇಲ್ಲ. ಅವರಿಗೆ ಬೇಕಾದದ್ದು 87. ಹಿಂದಿನ ಸಾಲಿನಲ್ಲಿ, ಇದೆಲ್ಲ ಟೈಮ್ ವೇಸ್ಟ್ ಎನ್ನುತ್ತ ಬಂದ ಗಂಡ ಮೊಬೈಲ್ ಕಿಸೆಗೆ ಹಾಕಿ ಹೆಂಡತಿಯ ಹೆಗಲ ಮೇಲಿನಿಂದ ಬಗ್ಗಿ ನೋಡುತ್ತಿರುತ್ತಾನೆ. “ಏ, ನಲ್ವತ್ತೆರಡು ಕರೆದಾಯ್ತು ಮಾರಾಯ್ತಿ, ಗೀಟು ಹಾಕು.” “ಬೇಕಾದ್ರೆ ಹತ್ತು ರುಪಾಯಿ ಕೊಟ್ಟು ನೀವೇ ಒಂದು ತಗೊಳ್ಳಿ.” ಅವನು ಕೊಳ್ಳುವುದಿಲ್ಲ. ಕಣ್ಣನ್ನೂ ಕೀಳುವುದಿಲ್ಲ.

ಮಣಿಪಾಲದ ಫ್ಲ್ಯಾಟುಗಳ ಕಿಟ್ಟಿ ಪಾರ್ಟಿಯಲ್ಲಿ ಇದೇ ಆಟಕ್ಕೆ ತಂಬೋಲ ಎಂಬ ಗೌರವದ ಹೆಸರಿದೆ, ನಂಬರು ಕರೆಯಲು ಆ್ಯಪ್ ಇದೆ. 2020ರ ಲಾಕ್‌ಡೌನಿನಲ್ಲಿ ಜೂಮ್‌ನಲ್ಲೂ ಆಡಿದರು. ಬಹುಮಾನದ ಮೇಜಿನ ಮುಂದೆ ಮಾತ್ರ ಮಣಿಪಾಲಕ್ಕೂ ಕಾರ್ಕಳಕ್ಕೂ ಭೇದವಿಲ್ಲ. ಇಲ್ಲಿ ಏರ್ ಫ್ರೈಯರ್, ಅಲ್ಲಿ ಇಡ್ಲಿ ಅಟ್ಟ. ಜಲ್ದಿ ಐದಕ್ಕೆ ಸೌಟು, ಮೇಲಿನ ಸಾಲಿಗೆ ಡಬ್ಬ, ಫುಲ್ ಹೌಸ್‌ಗೆ ಕುಕ್ಕರ್. ಅಡುಗೆಮನೆಯಿಂದ ಅರ್ಧ ಗಂಟೆ ತಪ್ಪಿಸಿಕೊಂಡು ಬಂದವಳನ್ನು ಚಪ್ಪಾಳೆ ತಟ್ಟಿ, ಕೈಗೊಂದು ಪಾತ್ರೆ ಕೊಟ್ಟು ಅಡುಗೆಮನೆಗೇ ವಾಪಸು ಕಳಿಸುತ್ತೇವೆ.

ಸಂಘಟಕರಿಗೆ ಒಂದು ಸಲಹೆ. ಮುಂದಿನ ಸಲ ಫುಲ್ ಹೌಸ್‌ಗೆ ಎರಡು ದಿನದ ರಜೆ ಇಡಿ: ಅಡುಗೆಯಿಲ್ಲ, ಪಾತ್ರೆಯಿಲ್ಲ, ಯಾರ ಚಾರ್ಜರೂ ಹುಡುಕಬೇಕಿಲ್ಲ. ಆವತ್ತು ಗಂಡಸರೂ ಟಿಕೆಟಿಗೆ ಮುಗಿಬೀಳುತ್ತಾರೆ, ಒಬ್ಬೊಬ್ಬರೂ ನಾಲ್ಕು ನಾಲ್ಕು ಕೊಳ್ಳುತ್ತಾರೆ. ಬಹುಮಾನ ಹೆಂಡತಿಯ ಕೈಗೆ ಸಿಗದಂತೆ ನೋಡಿಕೊಳ್ಳಬೇಕಲ್ಲ.