ಕೆ3 ಮೇಲ್ಮೈ: ಜೋಡಣೆ ಮತ್ತು ಬಳಕೆಯ ಕೈಪಿಡಿ



 ಕೆ3 ಮೇಲ್ಮೈ ಎಂಬ ಹೆಸರು ನೋಡಿ ಇದು ಯಾವುದೋ ಮೊಬೈಲಿನ ಹೊಸ ಮಾಡೆಲ್ ಅಂದುಕೊಳ್ಳಬೇಡಿ. ಕುಮ್ಮರ್, ಕೇಲರ್, ಕೊಡೈರಾ ಎಂಬ ಮೂವರು ಗಣಿತಜ್ಞರನ್ನೂ ಕಾರಕೋರಂನ ಕೆ2 ಶಿಖರವನ್ನೂ ನೆನೆದು 1958ರಲ್ಲಿ ಆಂದ್ರೆ ವೇಯ್ಲ್ ಇಟ್ಟ ಹೆಸರಿದು. ವೇಯ್ಲ್ ತಮ್ಮ ಹರೆಯದಲ್ಲಿ ಅಲಿಗಢದಲ್ಲಿ ಗಣಿತ ಪಾಠ ಹೇಳಿದವರು.

ಮೇಲ್ಮೈ ಅಂದಮಾತ್ರಕ್ಕೆ ಕೈಯಾಡಿಸಿ ನೋಡಲು ಹೋಗಬೇಡಿ. ಸಂಕೀರ್ಣ ಸಂಖ್ಯೆಗಳ ಲೆಕ್ಕದಲ್ಲಿ ಇದಕ್ಕೆ ಎರಡು ಆಯಾಮ, ನಮ್ಮ ನಿಮ್ಮ ಲೆಕ್ಕದಲ್ಲಿ ನಾಲ್ಕು. ಮನೆಯಲ್ಲಿ ಇಡಲು ಜಾಗ ಹುಡುಕುವ ತಾಪತ್ರಯವೇ ಇಲ್ಲ.

ಜೋಡಣೆ

ಉದ್ದಿನ ವಡೆಯ ಮೈಯಂಥದ್ದನ್ನು ಗಣಿತಜ್ಞರು ಟೋರಸ್ ಅನ್ನುತ್ತಾರೆ. ಅದರ ನಾಲ್ಕು ಆಯಾಮದ ಅಣ್ಣನನ್ನು ತೆಗೆದುಕೊಳ್ಳಿ. ಒಂದು ಮೂಲಬಿಂದು ಗುರುತಿಸಿ, ಪ್ರತಿ ಬಿಂದುವನ್ನೂ ಅದರ ಋಣಬಿಂದುವಿಗೆ ಅಂಟಿಸಿ. ಎಲ್ಲವೂ ಜೋಡಿಜೋಡಿಯಾಗಿ ಅಂಟುತ್ತವೆ. 16 ಬಿಂದುಗಳು ಮಾತ್ರ ಒಂಟಿ, ಏಕೆಂದರೆ ಅವುಗಳ ಋಣವೂ ಅವೇ. ಅಲ್ಲೆಲ್ಲ ಮೈ ಮೊನಚಾಗಿ ಏಳುತ್ತದೆ. ಇದು ತಯಾರಿಕೆಯ ದೋಷವಲ್ಲ. ಇಂಥ 16 ಮೊನೆಗಳ ಸರಕನ್ನು ಕುಮ್ಮರ್ 1864ರಲ್ಲೇ ವಿವರಿಸಿದ್ದಾರೆ. ಪ್ರತಿ ಮೊನೆಯನ್ನೂ ಕತ್ತರಿಸಿ ಅಲ್ಲಿ ಒಂದೊಂದು ಗೋಳ ಕೂರಿಸಿ.

ಈಗ ತಾಳೆ ನೋಡಿ. ಆಕಾರವನ್ನು ಎಣಿಕೆಯಲ್ಲಿ ಹಿಡಿಯುವ ಆಯ್ಲರ್ ಸಂಖ್ಯೆ ಟೋರಸ್ಸಿಗೆ 0. ಅದರಿಂದ 16 ಬಿಂದು ಕಳೆದರೆ −16. ಎರಡೆರಡು ಅಂಟಿದ್ದರಿಂದ ಅದು ಅರ್ಧವಾಗಿ −8. ಗೋಳಕ್ಕೆ 2ರಂತೆ 32 ಕೂಡಿಸಿ. ಕೆ3ಗೆ ಇರಬೇಕಾದ 24 ಬಂತೇ? ಬರದಿದ್ದರೆ ಕೂಡುವ ಕಳೆಯುವ ಲೆಕ್ಕವನ್ನು ಇನ್ನೊಮ್ಮೆ ಮಾಡಿ, ಅಂಗಡಿಗೆ ಫೋನ್ ಮಾಡಬೇಡಿ.

ಚಾಲನೆ

ಇದರೊಳಗೆ ಒಂದು ತಂತುವನ್ನು (ಭೌತವಿಜ್ಞಾನಿಗಳ ಸ್ಟ್ರಿಂಗ್) ಬಿಡಿ. ತಂತು ಓಡಾಡಿದ ಜಾಡು ಎರಡು ಆಯಾಮದ ಒಂದು ಹಾಳೆ. ಆ ಹಾಳೆಯನ್ನು ಕೋನಗಳು ಕೆಡದಂತೆ ಎಷ್ಟು ಹಿಗ್ಗಿಸಿದರೂ ಕುಗ್ಗಿಸಿದರೂ ನಿಯಮ ಬದಲಾಗಬಾರದು. ಇದೇ ಕನ್ಫಾರ್ಮಲ್ ಕ್ಷೇತ್ರ ಸಿದ್ಧಾಂತ. ಬೆಲಾವಿನ್, ಪೊಲ್ಯಾಕೋವ್, ಝಮೊಲೊಡ್ಚಿಕೋವ್ 1984ರಲ್ಲಿ ಇದಕ್ಕೊಂದು ವ್ಯಾಕರಣ ಕಟ್ಟಿಕೊಟ್ಟರು. ಯಂತ್ರ ಓಡಬೇಕಾದರೆ ಕೆ3ಯ ಮೈಮೇಲೆ ರಿಚ್ಚಿ ವಕ್ರತೆ ಎಲ್ಲೆಡೆ ಸೊನ್ನೆಯಾಗುವಂಥ ಮೆಟ್ರಿಕ್ (ದೂರ ಅಳೆಯುವ ನಿಯಮ) ಬೇಕು. ಅಂಥದ್ದು ಇದ್ದೇ ಇದೆಯೆಂದು ಗಣಿತಜ್ಞ ಯೌ 1970ರ ದಶಕದಲ್ಲಿ ಸಾಧಿಸಿದರು. ಆದರೆ ಅದನ್ನು ಸರಳ ಸೂತ್ರವಾಗಿ ಇನ್ನೂ ಯಾರೂ ಬರೆದುಕೊಟ್ಟಿಲ್ಲ, ಹಾಗಾಗಿ ಪೆಟ್ಟಿಗೆಯಲ್ಲಿ ಸೂತ್ರದ ಚೀಟಿ ಹುಡುಕಬೇಡಿ.

ಯಂತ್ರಕ್ಕೆ 80 ನಾಬ್‌ಗಳಿವೆ. ಆಕಾರ, ಗಾತ್ರಗಳಿಗೆ 58; ತಂತುವಿನ ಮೇಲೆ ಪ್ರಭಾವ ಬೀರುವ ಬಿ-ಕ್ಷೇತ್ರ ಎಂಬುದಕ್ಕೆ 22.

ಎಚ್ಚರಿಕೆ (ನನ್ನನ್ನು ಕೇಳಿದರೆ ಕೈಪಿಡಿಯಲ್ಲಿ ಓದಲೇಬೇಕಾದ ಭಾಗ ಇದೊಂದೇ): ಕೂರಿಸಿದ ಗೋಳವನ್ನು ಸೊನ್ನೆ ಗಾತ್ರಕ್ಕೆ ಕುಗ್ಗಿಸಬಹುದು. ಆಗ ಅದರ ಬಿ-ಕ್ಷೇತ್ರವೂ ಸೊನ್ನೆಯಲ್ಲಿದ್ದರೆ ಸಿದ್ಧಾಂತ ಕೆಟ್ಟು ಕೂರುತ್ತದೆ. ಅರ್ಧದಲ್ಲಿಟ್ಟರೆ ಮೊನೆ ಇದ್ದಲ್ಲೇ ಇದ್ದರೂ ತಂತು ಎಡವದೆ ಓಡುತ್ತದೆ. ಜ್ಯಾಮಿತಿಯವರು ರಿಪೇರಿಗೆ ಬಂದಿದೆ ಅನ್ನುವ ಮೇಲ್ಮೈಯಲ್ಲಿ ತಂತುವಿಗೆ ಯಾವ ತಕರಾರೂ ಕಾಣುವುದಿಲ್ಲ.

ಮೀಟರ್

ಎಲಿಪ್ಟಿಕ್ ಜೀನಸ್ ಎಂಬುದು ಇದರ ಮೀಟರ್. ಯಾವ ನಾಬ್ ಎಷ್ಟು ತಿರುಗಿಸಿದರೂ ರೀಡಿಂಗ್ ಕದಲುವುದಿಲ್ಲ. 1989ರಲ್ಲಿ ಎಗುಚಿ ಮತ್ತು ಸಂಗಡಿಗರು ಈ ರೀಡಿಂಗನ್ನು ಬಿಡಿಸಿ ಬರೆದರು. ಅದರಲ್ಲಿ ಬರುವ ಅಂಕಿಗಳು 90, 462, 1540, 4554, 11592. ಇವು ಇಪ್ಪತ್ತು ವರ್ಷ ಸುಮ್ಮನೆ ಕೂತಿದ್ದವು. 2010ರಲ್ಲಿ ಎಗುಚಿ, ಓಗುರಿ, ತಾಚಿಕಾವಾ ಇವನ್ನು ಅರ್ಧ ಮಾಡಿ ನೋಡಿದರು: 45, 231, 770, 2277, 5796. ಇವೆಲ್ಲ ಮಾತ್ಯೂ ಗುಂಪು ಎಂ24ರ ಒಡೆಯಲಾಗದ ನಿರೂಪಣೆಗಳ (ಗುಂಪು ತನ್ನ ಆಟ ಆಡಬಲ್ಲ, ತುಂಡಾಗದ ಅಂಕಣಗಳ) ಆಯಾಮಗಳು! 24 ವಸ್ತುಗಳನ್ನು 24,48,23,040 ಬಗೆಯಲ್ಲಿ ಅದಲುಬದಲು ಮಾಡುವ ಈ ಗುಂಪು 19ನೇ ಶತಮಾನದ್ದು, ತಂತುವಿಗಾಗಿ ಹುಟ್ಟಿದ್ದಲ್ಲ. ಮುಂದಿನ ಅಂಕಿಯ ಅರ್ಧ 13915; ಅದೂ 3520 ಮತ್ತು 10395 ಎಂಬ ಎರಡು ಆಯಾಮಗಳ ಮೊತ್ತ. ಈ ಸರಣಿಯ ಬಳಗ ಯಾವುದು ಗೊತ್ತೇ? 1920ರ ಜನವರಿಯಲ್ಲಿ, ಸಾವಿಗೆ ಕೆಲವೇ ತಿಂಗಳ ಮೊದಲು, ರಾಮಾನುಜನ್ ಹಾರ್ಡಿಗೆ ಬರೆದು ತಿಳಿಸಿದ ಮಾಕ್ ಥೀಟಾ ಫಲನಗಳು.

ದೂರುಗಳು

ಹಾಗಾದರೆ ಎಂ24 ಯಂತ್ರದ ಯಾವ ಭಾಗದಲ್ಲಿದೆ? ಯಾವ ಭಾಗದಲ್ಲೂ ಇಲ್ಲ. 80 ನಾಬ್‌ಗಳನ್ನು ಹೇಗಿಟ್ಟರೂ ಯಂತ್ರದ ಸಮಮಿತಿಯಾಗಿ ಅದು ಇಡಿಯಾಗಿ ಸಿಗುವುದಿಲ್ಲವೆಂದು ಗಾಬರ್ಡೀಲ್, ಹೋಹೆನೆಗ್ಗರ್, ವೊಲ್ಪಾಟೊ ತೋರಿಸಿದ್ದಾರೆ. ಹಾಗೆಂದು ಕಾಕತಾಳೀಯ ಅನ್ನುವಂತೆಯೂ ಇಲ್ಲ. ಸರಣಿಯ ಉದ್ದಕ್ಕೂ ಎಂ24 ಹೊಂದುತ್ತದೆಂದು ಟೆರ್ರಿ ಗ್ಯಾನನ್ ಸಾಧಿಸಿಬಿಟ್ಟರು. ಏಕೆ ಎಂದು ಕೇಳಿದರೆ ಅವರ ಬಳಿಯೂ ಉತ್ತರವಿಲ್ಲ.

ಬೇರೆ ಬೇರೆ ನಾಬ್-ಸ್ಥಾನಗಳಲ್ಲಿ ಸಿಗುವ ತುಂಡು ಸಮಮಿತಿಗಳನ್ನು ಒಟ್ಟುಗೂಡಿಸುವ ಕೆಲಸವನ್ನು ತಾವೋರ್ಮಿನಾ ಮತ್ತು ವೆಂಡ್‌ಲಂಡ್ ಕೈಗೆತ್ತಿಕೊಂಡರು. ಮೇಲೆ ಹೇಳಿದ ಕುಮ್ಮರ್ ಜೋಡಣೆಗಳಿಂದ 3,22,560 ಅದಲುಬದಲುಗಳ ಒಂದು ಉಪಗುಂಪು ಕೂಡಿಬಂದಿದೆ. ಅದು ಇಡೀ ಎಂ24ರ 759ನೇ ಒಂದು ಪಾಲು. ಉಳಿದ ಬಿಡಿಭಾಗಗಳು ಸದ್ಯಕ್ಕೆ ದಾಸ್ತಾನಿನಲ್ಲಿಲ್ಲ.